ಎದುರು ಮನೆಯ ಕ್ರಿಸ್‌ಮಸ್ ತಟ್ಟೆ: ತಿನ್ನುವುದಿಲ್ಲ ಅಂತ ಹೇಳುವುದು ಹೇಗೆ?

ಕಾಫಿಪುಡಿ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೂರನೇ ಮಹಡಿ. ಎದುರು ಮನೆಯವರು ಮಂಗಳೂರಿನ ಕ್ಯಾಥೊಲಿಕರು, ವಯಸ್ಸಾದ ಗಂಡ ಹೆಂಡತಿ. ಪ್ರತಿ ವರ್ಷ ಡಿಸೆಂಬರ್ 24ರ ಸಂಜೆ ಆಂಟಿ ಒಂದು ದೊಡ್ಡ ಸ್ಟೀಲ್ ತಟ್ಟೆ ತುಂಬ ಕುಸ್ವಾರ್ ತಂದುಕೊಡುತ್ತಾರೆ. ಮೇಲೆ ಬಿಳಿ ಕ್ರೋಶಾ ಬಟ್ಟೆ. ತಟ್ಟೆಯ ಅಂಚಿನಲ್ಲಿ ಅವರ ಮದುವೆಯ ತಾರೀಖು ಕೆತ್ತಿಸಿದೆ. ಅಂದರೆ ಮನೆಯ ಒಳ್ಳೇ ತಟ್ಟೆ ಅದು.

ನಮ್ಮತ್ತೆ ತೀರ್ಥಹಳ್ಳಿ ಕಡೆಯವರು. 76 ವರ್ಷ. ಹೋಟೆಲ್ ಕಾಫಿಯನ್ನೂ ಕುಡಿಯುವವರಲ್ಲ. ಮೊಟ್ಟೆ ಹಾಕಿದ ಪದಾರ್ಥ ಹೊಸಿಲು ದಾಟುವುದೇ ಅವರಿಗೆ ಆಗದು. ಹಾಗಾಗಿ ನಾನು ನಾಲ್ಕು ವರ್ಷದಿಂದ ಒಂದೇ ನಾಟಕ ಆಡುತ್ತಿದ್ದೇನೆ. ಬಾಗಿಲಲ್ಲಿ ನಗುತ್ತಾ ತಗೊಳ್ಳುವುದು, ವಾಷಿಂಗ್ ಮೆಷಿನ್ ಮೇಲೆ ಬಚ್ಚಿಡುವುದು, ಮರುದಿನ ಮನೆಗೆಲಸಕ್ಕೆ ಬರುವವರ ಚೀಲಕ್ಕೆ ಹಾಕುವುದು. ಆಮೇಲೆ ತಟ್ಟೆ ತೊಳೆದು, ಖಾಲಿ ಕೊಡಬಾರದಲ್ಲ, ಒಂದು ಹಿಡಿ ಸಕ್ಕರೆ ಹಾಕಿ ವಾಪಸ್. "ತುಂಬಾ ಚೆನ್ನಾಗಿತ್ತು ಆಂಟಿ."

ಹೋದ ವರ್ಷ ಸಿಕ್ಕಿಬಿದ್ದೆ. ಕೆಲಸದವರ ಮಗಳು ರಜೆಯಲ್ಲಿ ಅಮ್ಮನ ಜೊತೆ ಬಂದಿದ್ದಳು. ಲಿಫ್ಟಿನಲ್ಲಿ ಆಂಟಿಯನ್ನು ನೋಡಿ, "ಆ ಗುಲಾಬಿ ಹೂವಿನ ಥರದ್ದು ಸೂಪರಾಗಿತ್ತು ಅಜ್ಜಿ" ಅಂದುಬಿಟ್ಟಳು. ಆಂಟಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರು ವಾರ ಬಿಟ್ಟು ಸಂಕ್ರಾಂತಿಗೆ ನಾನು ಎಳ್ಳು ಬೆಲ್ಲ ಕೊಟ್ಟಾಗ ಎರಡೂ ಕೈ ಚಾಚಿ ತಗೊಂಡು, ನನ್ನೆದುರೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಅದು ಇವತ್ತಿಗೂ ಗಂಟಲಲ್ಲೇ ಇದೆ, ನನ್ನ ಗಂಟಲಲ್ಲಿ.

ಮತ್ತೆ ಡಿಸೆಂಬರ್ ಬಂತು. ಏನು ಮಾಡಲಿ? ಅತ್ತೆಯ ನಂಬಿಕೆಯನ್ನೂ ತಳ್ಳಿಹಾಕಲಾರೆ, ಆಂಟಿಗೂ ನೋವು ಮಾಡಲಾರೆ.

ಇನ್ನೊಂದು ಜಗಳ: 24ಕ್ಕೆ ಕೆಳಗೆ ಹಾಲ್‌ನಲ್ಲಿ ಕಾರ್ಯಕ್ರಮ ಇದೆ. ಬೋರ್ಡಿನಲ್ಲಿ "ಕ್ರಿಸ್‌ಮಸ್" ಅಂತ ಬೇಡ, "ವರ್ಷಾಂತ್ಯದ ಸಂಭ್ರಮ" ಅಂತ ಇರಲಿ ಅನ್ನುತ್ತಿದ್ದಾರೆ ಕಮಿಟಿಯ ಇಬ್ಬರು. ನಿಮ್ಮ ಕಡೆ ಹೇಗೆ?

ಬೆಣ್ಣೆದೋಸೆ

ಮೊದಲನೇ ಸಮಸ್ಯೆಗೆ ಪರಿಹಾರ ಸುಲಭ. ಆ ತಟ್ಟೆ ನಮ್ಮನೆಗೆ ಕಳಿಸಿ.

ಒಂಟಿಸಲಗ

ಇಷ್ಟಕ್ಕೆಲ್ಲಾ ತಲೆ ಕೆಡಿಸಿಕೊಳ್ಳುತ್ತಾರಾ? ದೀಪಾವಳಿಗೆ ಬಂದ ಸೋನ್‌ಪಾಪ್ಡಿ ಡಬ್ಬ ಹತ್ತು ಮನೆ ಸುತ್ತಿ ಕೊಟ್ಟವರ ಮನೆಗೇ ಬರುತ್ತದೆ. ಯಾರಾದರೂ ಅಳುತ್ತಾರಾ? ತಿನ್ನುವವರಿಗೆ ಕೊಟ್ಟಿದ್ದೀರಿ, ಎಸೆದಿಲ್ಲವಲ್ಲ. ಸುಮ್ನೆ ಮುಂದುವರಿಸಿ.

ಕಾಫಿಪುಡಿ

ಸೋನ್‌ಪಾಪ್ಡಿ ಅಂಗಡಿಯದ್ದು ಸ್ವಾಮಿ. ಇದಕ್ಕೆ ಆಂಟಿ ನಾಲ್ಕು ದಿನ ಒಲೆ ಮುಂದೆ ನಿಂತಿರುತ್ತಾರೆ, ಮೊಣಕಾಲು ನೋವು ಇಟ್ಟುಕೊಂಡು. ಕರಿಯುವ ವಾಸನೆ ನಮ್ಮ ಅಡುಗೆಮನೆಗೇ ಬರುತ್ತದೆ.

ಗೋದಲಿ

ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು, ಹಾಗಾಗಿ ಆಂಟಿ ಕಡೆಯಿಂದ ನಾನು ಮಾತಾಡುತ್ತೇನೆ.

ಮೊದಲು ತಟ್ಟೆಯಲ್ಲಿ ಏನಿರುತ್ತದೆ ಅಂತ ತಿಳ್ಕೊಳ್ಳಿ. ಕುಸ್ವಾರ್ ಅಂದರೆ ಒಂದು ತಿಂಡಿಯಲ್ಲ, ನತಾಲಿಗೆ, ಅಂದರೆ ಕ್ರಿಸ್‌ಮಸ್ಸಿಗೆ, ಮಾಡುವ ಎಲ್ಲ ತಿಂಡಿಗೂ ಸೇರಿ ಒಂದು ಹೆಸರು. ನೆವ್ರ್ಯೊ ಅಂದರೆ ನಿಮ್ಮ ಕರ್ಜಿಕಾಯಿಯ ಅಣ್ಣ. ಹೊರಗೆ ಮೈದಾ, ಒಳಗೆ ಎಳ್ಳು, ಸಕ್ಕರೆ, ದ್ರಾಕ್ಷಿ, ಗೋಡಂಬಿ. ನಮ್ಮನೆಯಲ್ಲಿ ಇದಕ್ಕೆ ಮೊಟ್ಟೆ ಇಲ್ಲ. ಕಿಡ್ಯೊ ಅಂದರೆ ಹುಳ! ಹಿಟ್ಟನ್ನು ಫೋರ್ಕ್ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಿದಾಗ ಹಾಗೇ ಕಾಣುತ್ತದೆ. ಬೇರೆ ಕಡೆ ಕುಲ್‌ಕುಲ್ ಅನ್ನುತ್ತಾರೆ. ಇದಕ್ಕೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಆ ಹುಡುಗಿ ಹೇಳಿದ ಗುಲಾಬಿ ಹೂವು ಕೊಕ್ಕಿಸಾಂ. ಕಬ್ಬಿಣದ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಅಲ್ಲಾಡಿಸಿ ಬಿಡುವುದು. ಅದಕ್ಕೆ ನಾವು ಮೊಟ್ಟೆ ಹಾಕುತ್ತೇವೆ. ಕೇಕಿಗಂತೂ ಹೇಳುವುದೇ ಬೇಡ. ಇವುಗಳ ಜೊತೆ ಚಕ್ಕುಲಿ, ತುಕ್ಡಿ, ಲಾಡು.

ನಾನು ಚಿಕ್ಕವಳಿದ್ದಾಗ ಹಿಂದಿನ ಮನೆಯಲ್ಲಿ ಭಟ್ಟರಿದ್ದರು. ಕರಿಯುವ ದಿನ ನಮ್ಮಮ್ಮ ಹೊಸ ಎಣ್ಣೆ ಸುರಿದು ಮೊದಲು ನೆವ್ರ್ಯೊ ಬಿಡುತ್ತಿದ್ದಳು. ಭಟ್ಟರ ಮನೆಯ ಡಬ್ಬ ತುಂಬಿ ಮುಚ್ಚಳ ಹಾಕಿದ ಮೇಲೆಯೇ ಮೊಟ್ಟೆ ಒಡೆಯುವುದು. ನಾವು ಮಕ್ಕಳು ಕೊಕ್ಕಿಸಾಂ ಬೇಕು ಅಂತ ಎಷ್ಟೇ ಕುಣಿದರೂ ಆ ಡಬ್ಬ ತುಂಬುವ ತನಕ ಸಿಗುತ್ತಿರಲಿಲ್ಲ. ಭಟ್ಟರ ಹೆಂಡತಿ ಮೊದಲ ವರ್ಷವೇ ಹಿತ್ತಲಿನ ಬೇಲಿ ಹತ್ತಿರ ನಿಂತು ಕೇಳಿದ್ದರಂತೆ, "ಬಾಯಿ, ಇದಕ್ಕೆ ಏನೆಲ್ಲ ಹಾಕ್ತೀರಿ?" ಅಂತ. ಅಲ್ಲಿಗೆ ಮುಗಿಯಿತು.

ಆಂಟಿಗೆ ನೋವಾಗಿದ್ದು ನೀವು ತಿನ್ನಲಿಲ್ಲ ಅಂತ ಅಲ್ಲ. "ತುಂಬಾ ಚೆನ್ನಾಗಿತ್ತು" ಅಂದಿರಲ್ಲ, ಅದಕ್ಕೆ.

ಕಾಫಿಪುಡಿ

ಹೌದು. ಅದನ್ನೇ ನಾಲ್ಕು ಸಲ ಹೇಳಿದ್ದೇನೆ.

ಹಳೇಮೈಸೂರು

ಹಿಂದೆ ಇದಕ್ಕೊಂದು ದಾರಿ ಇತ್ತು, ಈಗಿನವರು ಮರೆತಿದ್ದೀರಿ: ಸ್ವಯಂಪಾಕ. ಬೇಯಿಸಿದ್ದು ತಿನ್ನದವರಿಗೆ ಬೇಯಿಸದೇ ಇರುವುದನ್ನು ಕೊಡುವುದು. ನಮ್ಮ ತಂದೆ ಮೈಸೂರಿನಲ್ಲಿ ಶಾಲಾ ಮಾಸ್ತರು. ಅವರ ಜೊತೆಗಿದ್ದ ಕ್ರೈಸ್ತ ಮಾಸ್ತರೊಬ್ಬರು ಕ್ರಿಸ್‌ಮಸ್ ದಿನ ನಮ್ಮ ಮನೆಗೆ ಒಂದು ಮೊರದಲ್ಲಿ ಅಕ್ಕಿ, ಅಚ್ಚು ಬೆಲ್ಲ, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ಕಳಿಸುತ್ತಿದ್ದರು. ನಮ್ಮಮ್ಮ ಅದೇ ಅಕ್ಕಿ ಬೆಲ್ಲದಲ್ಲಿ ಪಾಯಸ ಮಾಡಿ, ಮಧ್ಯಾಹ್ನ ನಮಗೆ ಬಡಿಸುವಾಗ "ಇದು ಕ್ರಿಸ್‌ಮಸ್ ಪಾಯಸ" ಅನ್ನುತ್ತಿದ್ದರು. ಅವರ ಮಡಿಗೂ ಭಂಗವಿಲ್ಲ, ಇವರ ಹಬ್ಬಕ್ಕೂ ಕೊರತೆಯಿಲ್ಲ.

ಸಂಜೆ ಎಲ್ಲರೂ ಸೇಂಟ್ ಫಿಲೋಮಿನಾ ಚರ್ಚಿನ ದೀಪ ನೋಡಲು ಹೋಗುತ್ತಿದ್ದೆವು. ಅಂದ ಹಾಗೆ ಆ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಹಾರಾಜರು ಕಲ್ಲು ಹಾಕಿದ ಮಾತ್ರಕ್ಕೆ ಕ್ರೈಸ್ತರಾಗಲಿಲ್ಲ, ಚಾಮುಂಡಿ ಬೆಟ್ಟಕ್ಕೆ ಹೋಗುವುದನ್ನೂ ಬಿಡಲಿಲ್ಲ.

ಮಳೆಹುಡುಗಿ

ಅಜ್ಜನ ಕಥೆ ಚೆನ್ನಾಗಿದೆ. ಆದರೆ ಒಂದು ಮಾತು. ಯಾವಾಗಲೂ ಸರಿಹೊಂದಿಕೊಳ್ಳಬೇಕಾದವರು ಕ್ರೈಸ್ತ ಮಾಸ್ತರೇ ಯಾಕೆ? ನಿಮ್ಮ ತಾಯಿ ದೀಪಾವಳಿಗೆ ಅವರ ಮನೆಗೆ ಅಕ್ಕಿ ಬೆಲ್ಲ ಕಳಿಸಿದರಾ, ಇಲ್ಲಾ ಕಜ್ಜಾಯ ಕಳಿಸಿದರಾ? ಒಂದು ಕಡೆಯವರ ಅಡುಗೆ ಎಲ್ಲರಿಗೂ ನಡೆಯುತ್ತದೆ, ಇನ್ನೊಂದು ಕಡೆಯವರದ್ದು ಬೇಯಿಸಿದರೆ ಮೈಲಿಗೆ. ಇದರ ಹಿಂದೆ ನಂಬಿಕೆ ಮಾತ್ರ ಅಲ್ಲ, ಜಾತಿಯೂ ಇದೆ. ಅದನ್ನು ಹೇಳದೆ "ಹಿಂದೆ ಎಷ್ಟು ಚೆಂದ ಇತ್ತು" ಅನ್ನಬೇಡಿ.

ಹಳೇಮೈಸೂರು

ಕಜ್ಜಾಯವನ್ನೇ ಕಳಿಸಿದ್ದು. ನೀನು ಹೇಳಿದ್ದು ನಿಜ ಮಗಳೇ. ಆಗ ನನಗೆ ಹೊಳೆದಿರಲಿಲ್ಲ.

ಬಲ್ಮಠದವ

ಮಳೆಹುಡುಗಿ ಅವರೇ, ಅರ್ಧ ಒಪ್ಪುತ್ತೇನೆ. ಆದರೆ ನಮ್ಮ ಕಡೆಯಲ್ಲೂ "ತಿನ್ನುವುದಿಲ್ಲ" ಎನ್ನುವವರಿದ್ದಾರೆ. ದೇವರಿಗೆ ನೈವೇದ್ಯ ಮಾಡಿದ್ದನ್ನು ತಿನ್ನಬಾರದು ಅಂತ ಕಟ್ಟುನಿಟ್ಟಾಗಿ ಪಾಲಿಸುವ ಕ್ರೈಸ್ತರು ಬೇಕಾದಷ್ಟು. ಇದು ಇವತ್ತಿನ ಚರ್ಚೆಯಲ್ಲ. ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯ ಪೂರ್ತಿ ಇದೇ ವಿಷಯ. ವಿಗ್ರಹಕ್ಕೆ ಅರ್ಪಿಸಿದ ಆಹಾರ ತಿನ್ನಬಹುದಾ, ತಿಂದರೆ ಅದನ್ನು ನೋಡಿದವರ ಮನಸ್ಸಿಗೆ ಏನಾಗುತ್ತದೆ ಅಂತ. ಎರಡು ಸಾವಿರ ವರ್ಷದ ಹಿಂದೆಯೇ ಪಕ್ಕದ ಮನೆಯ ತಟ್ಟೆ ತಲೆನೋವಾಗಿತ್ತು.

ಇನ್ನೊಂದು ತಿದ್ದುಪಡಿ. ಮಂಗಳೂರಿನ ಕ್ರೈಸ್ತರು ಅಂದ ಕೂಡಲೇ ಕೊಂಕಣಿ, ಕುಸ್ವಾರ್, ಕ್ಯಾಥೊಲಿಕ್ ಅಂತ ಮುಗಿಸಬೇಡಿ. ನಾವು ಪ್ರೊಟೆಸ್ಟೆಂಟರು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರಲ್ಲ, ಆ ಕಡೆಯವರು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಮನೆಮಾತು ತುಳು, ಆರಾಧನೆ ಕನ್ನಡದಲ್ಲಿ. ನೀವೆಲ್ಲ ಅರ್ಥ ಹುಡುಕುವ ಕಿಟೆಲ್ ನಿಘಂಟು ಬಂದಿದ್ದೂ ಅದೇ ಮಿಷನ್‌ನಿಂದ, 1894ರಲ್ಲಿ.

ಒಂಟಿಸಲಗ

ಬಂತು ನೋಡಿ ಜಾಹೀರಾತು. ನಿಘಂಟು ಕೊಟ್ಟರು, ಶಾಲೆ ಕೊಟ್ಟರು, ಕೇಕ್ ಕೊಟ್ಟರು, ಮುಂದೇನು ಕೊಡುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಗೋದಲಿ

ಹೌದಾ? ನಾನು 11 ವರ್ಷದಿಂದ ನೆವ್ರ್ಯೊ ಹಂಚುತ್ತಿದ್ದೇನೆ. ಇಲ್ಲಿವರೆಗೂ ಯಾರೂ ಮತಾಂತರ ಆಗಿಲ್ಲ. ದಪ್ಪ ಆಗಿದ್ದಾರೆ.

ಬೆಣ್ಣೆದೋಸೆ

ನಾನು ಆ ಅಪಾಯಕ್ಕೂ ರೆಡಿ.

ಇರುಮುಡಿ

ನನ್ನ ಆಫೀಸ್ ಕಥೆ ಕೇಳಿ. ಹೋದ ಡಿಸೆಂಬರ್‌ನಲ್ಲಿ ನಾನು ಮಾಲೆ ಹಾಕಿದ್ದೆ, 41 ದಿನದ ವ್ರತ. ಮಂಡಲ ಪೂಜೆ ಡಿಸೆಂಬರ್ ಕೊನೆಗೆ ಬರುವುದರಿಂದ ಕ್ರಿಸ್‌ಮಸ್ ಪಾರ್ಟಿ ಯಾವಾಗಲೂ ವ್ರತದ ಒಳಗೇ ಬೀಳುತ್ತದೆ. ಕರಿ ಬಟ್ಟೆ, ಬರಿಗಾಲು, ಬೆಳಗ್ಗೆ ತಣ್ಣೀರು ಸ್ನಾನ. ಎಚ್‌ಆರ್‌ನವರು 18ನೇ ತಾರೀಖು ಊಟ ಇಟ್ಟರು. ಚಿಕನ್, ಕೇಕ್, ಎಲ್ಲ. ನಾನು ಸುಮ್ನೆ ಜಾರಿಕೊಂಡು ಕ್ಯಾಂಟೀನಿಗೆ ಹೋಗಿ ಮೊಸರನ್ನ ತಗೊಂಡೆ.

ನೋಡಿದರೆ ಮೂಲೆಯ ಟೇಬಲ್ಲಿನಲ್ಲಿ ನಮ್ಮ ಟೀಮಿನ ಮಲಯಾಳಿ ಕ್ರಿಶ್ಚಿಯನ್ ಕೂತಿದ್ದಾನೆ. ಅವನ ತಟ್ಟೆಯಲ್ಲೂ ಮೊಸರನ್ನ! "ನಿನ್ನ ಹಬ್ಬದ ಊಟ ಮೇಲೆ ನಡೀತಿದೆಯಲ್ಲೋ" ಅಂದೆ. "ಸ್ವಾಮಿ, ನನಗೂ 25 ದಿನದ ನೋಂಬು. ಕ್ರಿಸ್‌ಮಸ್ ಆಗೋವರೆಗೂ ಮಾಂಸ ಮುಟ್ಟಲ್ಲ. ಎಚ್‌ಆರ್‌ನವರು ಕೇಳಲೇ ಇಲ್ಲ" ಅಂದ. ಕ್ರಿಸ್‌ಮಸ್ ಊಟಕ್ಕೆ ಕ್ರಿಶ್ಚಿಯನ್ನನೇ ಇಲ್ಲ. ಅದೂ ಅವನ ಗೌರವಕ್ಕೇ ಅಂತ ಇಟ್ಟ ಊಟ.

ಸಂಕ್ರಾಂತಿಎಳ್ಳು

ಕ್ರಿಶ್ಚಿಯನ್ನರಲ್ಲಿ ಡಿಸೆಂಬರ್ ಉಪವಾಸ ಇದೆಯಾ? ಮೊದಲ ಸಲ ಕೇಳುತ್ತಿದ್ದೇನೆ. ಉಪವಾಸ ಅಂದರೆ ಗುಡ್ ಫ್ರೈಡೇ ಮುಂಚೆ ಮಾತ್ರ ಅಂದುಕೊಂಡಿದ್ದೆ.

ಬಲ್ಮಠದವ

ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇದೆ. ಡಿಸೆಂಬರ್ 1ರಿಂದ 25 ದಿನ. ನೋಂಬು ಅಂದರೆ ನಮ್ಮ ಹಳಗನ್ನಡದ ನೋಂಪಿಯೇ. ಗುಡ್ ಫ್ರೈಡೇ ವಿಷಯ ಬಂದಿದ್ದಕ್ಕೆ ಒಂದು ವಿನಂತಿ: ದಯವಿಟ್ಟು ಯಾರೂ "ಹ್ಯಾಪಿ ಗುಡ್ ಫ್ರೈಡೇ" ಅಂತ ಕಳಿಸಬೇಡಿ. ಅದು ಶಿಲುಬೆಗೇರಿಸಿದ ದಿನ. ನನಗೆ ಪ್ರತಿ ವರ್ಷ ಏಳೆಂಟು ಬರುತ್ತವೆ, ಹೂವಿನ ಚಿತ್ರದ ಜೊತೆ.

ಇರುಮುಡಿ

😂 ಕಳಿಸಿದವರಲ್ಲಿ ನಾನೂ ಒಬ್ಬ. ಕ್ಷಮಿಸಿ.

ಎರಡುಮಕ್ಕಳತಾಯಿ

ನನ್ನ ಪ್ರಶ್ನೆ ಬೇರೆ. ಮಗಳ ಶಾಲೆಯಿಂದ ಪ್ರತಿ ವರ್ಷ ಚೀಟಿ ಬರುತ್ತದೆ, 23ಕ್ಕೆ ಎಲ್ಲರೂ ಕೆಂಪು ಬಟ್ಟೆ, ಸಾಂಟಾ ಟೋಪಿ ಕಡ್ಡಾಯ. ನಮಗೇನೂ ತೊಂದರೆ ಇಲ್ಲ, ಮಗಳು ಕುಣಿಯುತ್ತಾಳೆ. ಆದರೆ ಅವಳ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಅವರ ಮನೆಯವರು ಯೆಹೋವನ ಸಾಕ್ಷಿಗಳು. ಕ್ರಿಸ್‌ಮಸ್ಸನ್ನೂ ಆಚರಿಸುವುದಿಲ್ಲ, ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ. ಟೀಚರ್ ಅವನಿಗೆ, "ನೀನು ಕ್ರಿಶ್ಚಿಯನ್ ಅಲ್ವಾ, ನೀನೇ ಸಾಂಟಾ ಆಗು" ಅಂತ ಗಡ್ಡ ಅಂಟಿಸಿದರಂತೆ. ಹುಡುಗ ಅಳುತ್ತಾ ನಿಂತಿದ್ದ ಫೋಟೋ ಪೋಷಕರ ಗ್ರೂಪಿನಲ್ಲಿ ಬಂತು, ಕೆಳಗೆ ಎಲ್ಲರ "ಸೋ ಕ್ಯೂಟ್". ಅವರಮ್ಮ ಮಾತ್ರ ಗ್ರೂಪಿನಿಂದ ಹೊರಟುಹೋದರು.

ಕರಿಕೋಟು

ವಕೀಲಿಕೆ ನನ್ನ ಕೆಲಸ, ಹಾಗಾಗಿ ಬಾಯಿ ಸುಮ್ಮನಿರುವುದಿಲ್ಲ. ಅದೇ ಪಂಥದ ಮೂವರು ಮಕ್ಕಳ ಕೇಸು ನಮ್ಮ ದೇಶದ ದೊಡ್ಡ ತೀರ್ಪುಗಳಲ್ಲಿ ಒಂದು. ಬಿಜೊ ಇಮ್ಯಾನ್ಯುಯೆಲ್ ವಿರುದ್ಧ ಕೇರಳ ರಾಜ್ಯ, 1986. ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ, ನಂಬಿಕೆ ಅಡ್ಡಬರುತ್ತಿತ್ತು. ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ನಿಂತಿತು. ಎದ್ದು ನಿಂತರೆ ಗೌರವ ಸಂದಿತು, ಬಾಯಿ ಬಿಡಲೇಬೇಕು ಅಂತ ಬಲವಂತ ಮಾಡುವಂತಿಲ್ಲ ಅಂತ. ರಾಷ್ಟ್ರಗೀತೆಗೇ ಹೀಗಾದರೆ ಹತ್ತಿ ಗಡ್ಡಕ್ಕೆ ಏನು ಹೇಳುವುದು?

ಇದರ ಜೊತೆ ಸಂವಿಧಾನದ 28(3)ನೇ ವಿಧಿ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಇದು ಕ್ರಿಸ್‌ಮಸ್ಸಿಗೂ ಸೇರುತ್ತದೆ, ಸರಸ್ವತಿ ಪೂಜೆಗೂ ಸೇರುತ್ತದೆ.

ಒಂಟಿಸಲಗ

ಸಾಂಟಾ ಟೋಪಿ ಧಾರ್ಮಿಕ ಬೋಧನೆಯಾ? ಅವನು ಕೋಲಾ ಕಂಪನಿಯ ಜಾಹೀರಾತಿನಲ್ಲಿ ಹುಟ್ಟಿದವನು.

ಕರಿಕೋಟು

ಟೋಪಿ ಬೋಧನೆ ಅಲ್ಲ ಅಂತ ವಾದಿಸಬಹುದು, ಒಪ್ಪಿದೆ. ಆದರೆ ಕೋಲಾ ಕಥೆ ತಪ್ಪು. 4ನೇ ಶತಮಾನದಲ್ಲಿ, ಈಗಿನ ಟರ್ಕಿಯ ಮೈರಾದಲ್ಲಿದ್ದ ಬಿಷಪ್ ಸಂತ ನಿಕೋಲಸ್ ಅವನ ಮೂಲ. ಕೆಂಪು ಕೋಟಿನ ದಪ್ಪ ಮುದುಕ 19ನೇ ಶತಮಾನದ ಅಮೆರಿಕನ್ ಚಿತ್ರಗಳಲ್ಲೇ ಇದ್ದ. ಕಂಪನಿ ಅವನನ್ನು ಊರೂರಿಗೆ ತಲುಪಿಸಿತು, ಅಷ್ಟೇ.

ಡಲ್ಲಾಸ್‌ಕನ್ನಡತಿ

ಇಲ್ಲಿ ಅಮೆರಿಕದಲ್ಲಿ "ಮೆರ್ರಿ ಕ್ರಿಸ್‌ಮಸ್" ಅನ್ನಬೇಕಾ, "ಹ್ಯಾಪಿ ಹಾಲಿಡೇಸ್" ಅನ್ನಬೇಕಾ ಅಂತ ಪ್ರತಿ ಡಿಸೆಂಬರ್‌ನಲ್ಲೂ ಟಿವಿಯಲ್ಲಿ ಜಗಳ. ತಮಾಷೆ ಏನು ಗೊತ್ತಾ? ಇದೇ ದೇಶದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಇತ್ತು. ದಂಡ ಹಾಕಿದವರು ಪ್ಯೂರಿಟನ್ ಕ್ರೈಸ್ತರು! ಬೈಬಲಿನಲ್ಲಿ ಈ ತಾರೀಖು ಇಲ್ಲ ಅಂತ ಅವರ ವಾದ. ತಾರೀಖಿನ ವಿಷಯದಲ್ಲಿ ಅವರು ಹೇಳಿದ್ದು ನಿಜವೇ. ನನ್ನ ರಷ್ಯನ್ ಸಹೋದ್ಯೋಗಿಗೆ ಜನವರಿ 7ಕ್ಕೆ ಕ್ರಿಸ್‌ಮಸ್. 25ಕ್ಕೆ ಅವಳಿಗೆ ಶುಭಾಶಯ ಹೇಳಿದರೆ "ಇನ್ನೂ ಸ್ವಲ್ಪ ದಿನ ಇದೆ" ಅನ್ನುತ್ತಾಳೆ.

ಇನ್ನು ನಿಮ್ಮ ಬೋರ್ಡ್ ಪ್ರಶ್ನೆಗೆ. ಅಕ್ಟೋಬರ್‌ನಲ್ಲಿ ನಮ್ಮ ಆಫೀಸಿನವರು ದೀಪಾವಳಿಯನ್ನು "ಬೆಳಕಿನ ಹಬ್ಬ, ಎಲ್ಲರಿಗೂ" ಅಂತ ಪೋಸ್ಟರ್ ಮಾಡಿದರು. ದೀಪಾವಳಿ ಅನ್ನುವ ಪದವೇ ಇರಲಿಲ್ಲ. ನನಗೆ ಚುಚ್ಚಿತು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ಚುಚ್ಚಿತು. ಹೆಸರು ತೆಗೆದುಬಿಟ್ಟರೆ ಹಬ್ಬದವರಿಗೆ ಏನು ಉಳಿಯುತ್ತದೆ?

ಸಂಕ್ರಾಂತಿಎಳ್ಳು

ಕಮಿಟಿಯವರನ್ನು ಕೇಳಿ, ಗಣೇಶನ ಹಬ್ಬಕ್ಕೆ "ಭಾದ್ರಪದ ಸಂಭ್ರಮ" ಅಂತ ಬೋರ್ಡ್ ಹಾಕುತ್ತಾರಾ ಅಂತ.

ಸುಲೈಮಾನಿಚಹಾ

ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ನಾವು ಮುಸಲ್ಮಾನರು. ಹಜರತ್ ಈಸಾ ನಮಗೆ ಪ್ರವಾದಿ. ಅವರ ತಾಯಿ ಮರಿಯಮರ ಹೆಸರಿನಲ್ಲಿ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆ, 19ನೆಯದು. ಆದರೆ ದೇವರ ಮಗ ಅನ್ನುವುದನ್ನು ನಾವು ಒಪ್ಪುವುದಿಲ್ಲ, ಹಾಗಾಗಿ ಹಬ್ಬ ಆಚರಿಸುವುದಿಲ್ಲ. ಕೆಲವರು ಶುಭಾಶಯವನ್ನೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ನಮ್ಮಣ್ಣ ಹೇಳುವುದಿಲ್ಲ. ಒಂದೇ ಮನೆ. ಹಾಗಂತ ಪಕ್ಕದ ಮನೆಯವರಿಗೆ ನಡುರಾತ್ರಿ ಚರ್ಚಿಗೆ ಹೋಗಲು ಆಟೋ ಸಿಗದಿದ್ದಾಗ ಕಾರು ತೆಗೆದವನು ಅಣ್ಣನೇ, ನಾನು ನಿದ್ದೆ ಮಾಡುತ್ತಿದ್ದೆ.

ತಟ್ಟೆಯ ಕಷ್ಟ ನಮಗೂ ಇದೆ. ಮೊಟ್ಟೆ ನಡೆಯುತ್ತದೆ, ರಮ್ ನಡೆಯುವುದಿಲ್ಲ. ಬೇಯಿಸಿದರೆ ಆರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ಆರುವುದಿಲ್ಲ, ಮತ್ತೆ ನಮಗೆ ಅದು ಅಳತೆಯ ಪ್ರಶ್ನೆಯೂ ಅಲ್ಲ. ನಾನು ನೇರವಾಗಿ ಕೇಳಿಬಿಡುತ್ತೇನೆ, "ಅಕ್ಕ, ಇದರಲ್ಲಿ ಎಣ್ಣೆ ಹೊಡೆಸಿದ್ದೀರಾ?" ಅಂತ. ಮೊದಲ ಸಲ ಬಿದ್ದು ಬಿದ್ದು ನಕ್ಕರು. ಮರುವರ್ಷದಿಂದ ನಮ್ಮ ಪಾಲಿನ ಒಣಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸುತ್ತಾರೆ.

ಬೆಣ್ಣೆದೋಸೆ

ಒಂದು ಅನುಮಾನ. ಪ್ಲಮ್ ಕೇಕಿನಲ್ಲಿ ಪ್ಲಮ್ ಎಲ್ಲಿ? ಎಷ್ಟು ಅಗೆದರೂ ದ್ರಾಕ್ಷಿಯೇ ಸಿಗುತ್ತದೆ.

ಗೋದಲಿ

ಹಳೇ ಇಂಗ್ಲಿಷರು ಒಣದ್ರಾಕ್ಷಿಗೂ ಪ್ಲಮ್ ಅನ್ನುತ್ತಿದ್ದರು, ಹೆಸರು ಹಾಗೇ ಉಳಿಯಿತು. ನಮ್ಮ ದೇಶದ ಮೊದಲ ಕ್ರಿಸ್‌ಮಸ್ ಕೇಕ್ ಮಾಡಿದ್ದು 1883ರಲ್ಲಿ ತಲಶ್ಶೇರಿಯ ಮಂಬಳ್ಳಿ ಬಾಪು ಅನ್ನುವ ಬೇಕರಿಯವರು ಅಂತ ಕೇರಳದವರು ಹೇಳುತ್ತಾರೆ. ಅವರು ಕ್ರೈಸ್ತರಲ್ಲ, ಇದನ್ನೂ ಗಮನಿಸಿ.

ನಿದ್ದೆಗೆಟ್ಟವ

ತಿಂಡಿ ಬಿಡಿ, ಶಬ್ದದ ವಿಷಯ ಮಾತಾಡಿ. ನಮ್ಮ ಬೀದಿಯಲ್ಲಿ ರಾತ್ರಿ 11ಕ್ಕೆ ಕ್ಯಾರಲ್ ತಂಡ, ಡ್ರಮ್ ಸಮೇತ. ಬೆಳಗ್ಗೆ ನಾಲ್ಕೂವರೆಗೆ ಧನುರ್ಮಾಸದ ಸುಪ್ರಭಾತ, ಮೈಕ್ ಸಮೇತ. ಡಿಸೆಂಬರ್ 16ರಿಂದ ಸಂಕ್ರಾಂತಿವರೆಗೆ ನನಗೆ ಯಾವ ದೇವರೂ ನಿದ್ದೆ ಮಾಡಲು ಬಿಡುವುದಿಲ್ಲ.

ಒಂಟಿಸಲಗ

ಸುಪ್ರಭಾತಕ್ಕೂ ಇದಕ್ಕೂ ಹೋಲಿಕೆ ಬೇಡ. ಅದು ನಮ್ಮ ಸಂಪ್ರದಾಯ.

ನಿದ್ದೆಗೆಟ್ಟವ

ಕಿವಿಗೆ ಸಂಪ್ರದಾಯ ಗೊತ್ತಾಗುವುದಿಲ್ಲ ಸಾರ್.

ಕರಿಕೋಟು

ಕಾನೂನಿಗೂ ಗೊತ್ತಾಗುವುದಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರ ತನಕ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಬಾಯಲ್ಲಿ ಹಾಡಿದರೆ ಈ ನಿಯಮ ತೊಡಕಾಗದು. ಮೈಕ್ ಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಗೋದಲಿ

ನಮ್ಮ ಚರ್ಚಿನ ಹುಡುಗರಿಗೆ ಈ ಸಲ ಹೇಳಿದ್ದೇನೆ, 9ಕ್ಕೆ ಮುಗಿಸಿ, ಹಾಡುವ ಮುಂಚೆ ಬೆಲ್ ಮಾಡಿ ಕೇಳಿ ಅಂತ. ಕಳೆದ ವರ್ಷ ಒಂದು ಮನೆ ಮುಂದೆ ಗಿಟಾರ್ ಬಾರಿಸಿ "ಜಿಂಗಲ್ ಬೆಲ್ಸ್" ಶುರು ಮಾಡಿಬಿಟ್ಟರು. ಒಳಗೆ ಹತ್ತನೇ ದಿನದ ಕಾರ್ಯ ನಡೆಯುತ್ತಿತ್ತು. ಹುಡುಗರು ನಕ್ಷತ್ರದ ಕೋಲು ಮಡಚಿಕೊಂಡು ಓಡಿ ಬಂದರು. ಮರುದಿನ ಪಾದ್ರಿಗಳೇ ಹೋಗಿ ಕ್ಷಮೆ ಕೇಳಿದರು. ಆ ಮನೆಯ ಹಿರಿಯರು, "ನಿಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ, ಬಿಡಿ" ಅಂದರಂತೆ. ನನಗಿನ್ನೂ ನಾಚಿಕೆ.

ಕಾಫಿಪುಡಿ

ಎಲ್ಲರಿಗೂ ಥ್ಯಾಂಕ್ಸ್. ಓದಿ ಓದಿ ಧೈರ್ಯ ಬಂತು. ನಿನ್ನೆ ಏನಾಯಿತು ಅಂತ ಹೇಳುತ್ತೇನೆ.

ಮೊದಲು ಅತ್ತೆಗೆ ಹೇಳಿದೆ. ನಾಲ್ಕು ವರ್ಷದ ನಾಟಕವನ್ನೂ ಬಿಡದೆ. ಬತ್ತಿ ಹೊಸೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ವಾಷಿಂಗ್ ಮೆಷಿನ್ ಮೇಲೆ ಇಡ್ತಿದ್ಯಲ್ಲ, ನಂಗೆ ಗೊತ್ತಿತ್ತು. ಇರುವೆ ಬರ್ತಿತ್ತು" ಅಂದರು. ಮೊಟ್ಟೆ ಇಲ್ಲದ್ದು ಮಾಡಿಸಿದರೆ ತಿನ್ನುತ್ತೀರಾ ಅಂತ ಕೇಳಿದೆ. "ನಂಗೆ ಅವರ ಬಾಣಲೆಯದ್ದು ಬೇಡ. ನನ್ನ ನೇಮ ನನಗಿರಲಿ. ನೀನು ತಿನ್ನು, ಮಗುವಿಗೆ ಕೊಡು, ಬೇರೆ ತಟ್ಟೆ ಇಟ್ಟುಕೊಳ್ಳಿ. ಆದರೆ ಆ ಅಮ್ಮನ ಹತ್ರ ಸುಳ್ಳು ಹೇಳಬೇಡ." ಮಳೆಹುಡುಗಿ ಅವರೇ, ನಿಮಗೆ ಇದು ಸಾಕಾಗಲಿಕ್ಕಿಲ್ಲ. ನನಗೂ ಪೂರ್ತಿ ಸಾಕಾಗಿಲ್ಲ. ಆದರೆ 76 ವರ್ಷದವರು "ನನ್ನ ನೇಮ ನನಗಿರಲಿ, ನೀನು ತಿನ್ನು" ಅಂದಿದ್ದು ನಮ್ಮನೆಯ ಮಟ್ಟಿಗೆ ದೊಡ್ಡದು.

ಆಮೇಲೆ ಆಂಟಿ ಮನೆಗೆ ಹೋದೆ. ಅವರು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿಗೆ, ಹುಲ್ಲು ಹಾಸುತ್ತಿದ್ದರು. ಕುರಿ, ಕುರುಬ, ರಾಜರು ಎಲ್ಲ ಪೇಪರಿನಲ್ಲಿ ಸುತ್ತಿಟ್ಟಿದ್ದು ನೆಲದ ಮೇಲೆ ಹರಡಿತ್ತು. ಹೇಳಿದೆ. ಕ್ಷಮೆ ಕೇಳಿದೆ. ಅಪ್ಪಿಕೊಂಡು ಕಣ್ಣೀರು ಹಾಕುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಸಿಟ್ಟೇ ಬಂತು ಅವರಿಗೆ. "ಮೊದಲೇ ಬಾಯಿ ಬಿಟ್ಟು ಹೇಳ್ಲಿಕ್ಕೆ ಏನಾಗಿತ್ತು ನಿಂಗೆ? ನಾಲ್ಕು ವರ್ಷ ನಿಮ್ಮನೆ ತಟ್ಟೆಗೆ ಗೋಡಂಬಿ ಜಾಸ್ತಿ ಹಾಕಿದ್ದೇನೆ, ಗೋಡಂಬಿ ರೇಟ್ ಗೊತ್ತುಂಟಾ?" ಅಂದರು. ಸುಮಾರು ಹೊತ್ತು ಬೈಸಿಕೊಂಡೆ.

ಕೊನೆಗೆ ಒಂದು ಕುರಿಯ ಮುರಿದ ಕಾಲಿಗೆ ಗಮ್ ಹಚ್ಚುತ್ತಾ, "ನಿಮ್ಮ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಉಂಟಲ್ಲ, ನಮ್ಮವರು ಅದನ್ನು ತಿನ್ನುವುದಿಲ್ಲ. ನೈವೇದ್ಯ ಅಂತ. ನಾನು ತಿನ್ನುತ್ತೇನೆ. ಅವರ ಪಾಲನ್ನೂ ನಾನೇ ತಿನ್ನುತ್ತೇನೆ" ಅಂದರು. ಒಳಗಿನ ರೂಮಿನಿಂದ ಅಂಕಲ್ ಕೆಮ್ಮಿದ್ದು ಕೇಳಿಸಿತು.

ಈ ವರ್ಷ ಎರಡು ಡಬ್ಬ ಅಂತೆ. ಒಂದು ಮೊಟ್ಟೆ ಇಲ್ಲದ್ದು, ನನಗೆ ಮತ್ತು ಮಗನಿಗೆ. ಇನ್ನೊಂದು ಕೊಕ್ಕಿಸಾಂ ತುಂಬಿದ್ದು, ಕೆಲಸದವರ ಮಗಳಿಗೆ. ಅದನ್ನು ಆಂಟಿಯೇ ಅವಳ ಕೈಗೆ ಕೊಡುತ್ತಾರಂತೆ, ನನ್ನ ಮೂಲಕ ಬೇಡ ಅಂದರು. ಅತ್ತೆಯ ಕಡೆಯಿಂದ ನಾಳೆ ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ಹೋಗುತ್ತದೆ. ದೇವರ ಮುಂದೆ ಇಡದೆ, ಸಂಜೆ ತಂದದ್ದನ್ನು ಸೀದಾ ಕಳಿಸು ಅಂತ ಅತ್ತೆಯೇ ಹೇಳಿದ್ದು, ಅಂಕಲ್‌ಗೂ ತಿನ್ನಲಿಕ್ಕೆ ಆಗಲಿ ಅಂತ.

ಬೋರ್ಡಿನಲ್ಲಿ "ಕ್ರಿಸ್‌ಮಸ್ ಹಬ್ಬ" ಅಂತಲೇ ಬರೆಸಿದ್ದೇವೆ. ಭಾದ್ರಪದದ ಮಾತು ಕೆಲಸ ಮಾಡಿತು. ಕಮಿಟಿಯ ಒಬ್ಬರು ಬರುವುದಿಲ್ಲವಂತೆ. ಇರಲಿ. ಊಟದ ಟೇಬಲ್ಲಿನಲ್ಲಿ ಪ್ರತಿ ಪಾತ್ರೆಯ ಮುಂದೆ ಚೀಟಿ ಇಡುತ್ತೇವೆ: ಮೊಟ್ಟೆ ಇದೆ, ಮಾಂಸ ಇದೆ, ರಮ್ ಇದೆ ಅಂತ. ಮೊಸರನ್ನವೂ ಇದೆ, ಇರುಮುಡಿ ಅವರ ನೆನಪಿಗೆ.

ಇರುಮುಡಿ

ಸ್ವಾಮಿಯೇ ಶರಣಂ ಅಯ್ಯಪ್ಪ. ಉಪ್ಪಿನಕಾಯಿ ಮರೆಯಬೇಡಿ.

ಮಳೆಹುಡುಗಿ

ಸಾಕಾಗಿಲ್ಲ, ನಿಜ. ಆದರೆ ಆ ಇರುವೆ ವಿಷಯ ಓದಿ ನಕ್ಕುಬಿಟ್ಟೆ.

ಬೆಣ್ಣೆದೋಸೆ

ಎಲ್ಲ ಸರಿ. ಎರಡು ಡಬ್ಬದ ಲೆಕ್ಕ ಸಿಕ್ಕಿತು. ಕೇಕ್ ಯಾರ ಪಾಲಿಗೆ ಹೋಯಿತು?